ಗೋಡೆಯ ತುದಿಯ ಲೆಕ್ಕ

1991ರ ಆಗಸ್ಟ್ 23. ನಾರ್ವೆಯ ಸ್ಟಾವಂಗರ್ ಬಳಿ, ಬೆಟ್ಟಗಳ ನಡುವೆ ಚಾಚಿದ ಕಡಲತೋಳಿನಲ್ಲಿ, ಸ್ಲೈಪ್ನರ್-ಎ ಅನಿಲವೇದಿಕೆಯ ಕಾಂಕ್ರೀಟ್ ಬುಡವನ್ನು ನಿಧಾನವಾಗಿ ನೀರಿಗಿಳಿಸಿ ಪರೀಕ್ಷಿಸುತ್ತಿದ್ದರು. ಮುಂದೆ ಅದು ಉತ್ತರ ಸಮುದ್ರದ 82 ಮೀಟರ್ ನೀರಿನಲ್ಲಿ ನಿಲ್ಲಬೇಕಿತ್ತು. ಇದ್ದಕ್ಕಿದ್ದಂತೆ ಒಳಗೆ ಭಾರೀ ಸದ್ದಾಯಿತು, ನೀರು ನುಗ್ಗಿತು. ಪಂಪುಗಳು ಸೋತವು. ಜನರೆಲ್ಲ ಪಾರಾದರು, ಬುಡ ಮಾತ್ರ ಮುಳುಗಿ ಚೂರುಚೂರಾಯಿತು. ತಳಕ್ಕೆ ಬಡಿದ ಹೊಡೆತ ಭೂಕಂಪಮಾಪಕಗಳಲ್ಲಿ 3ರ ತೀವ್ರತೆಯಾಗಿ ದಾಖಲಾಯಿತು.

ಬುಡದಲ್ಲಿ 24 ಕೋಶಗಳಿದ್ದವು. ಮೂರು ಕೋಶಗಳು ಕೂಡುವೆಡೆ ಉಳಿಯುವ ಮುಕ್ಕೋನದ ಸಂದಿಗೆ ಸಮುದ್ರದ ನೀರು ಇಳಿಯುತ್ತಿತ್ತು; ಅದರ ಗೋಡೆಗಳು ಆ ಒತ್ತಡವನ್ನು ತಡೆಯಬೇಕಿತ್ತು. ನಾಸ್ಟ್ರಾನ್ ತಂತ್ರಾಂಶದಲ್ಲಿ ಅಲ್ಲಿ ಹೆಣೆದ ಜಾಲರಿ ತೀರಾ ಒರಟು. ಗೋಡೆಯ ನಡುವಿನ ಕೆಲವೇ ಬಿಂದುಗಳ ಬೆಲೆಗಳಿಂದ ತುದಿಯ ಬೆಲೆಯನ್ನು ಅಂದಾಜಿಸಲಾಗಿತ್ತು. ಗೋಡೆ ಬಿರಿಯುವುದಾದರೆ ಬಿರಿಯುವುದು ತುದಿಯಲ್ಲೇ! ಅಲ್ಲಿ ಕತ್ತರಿಸುವ ಬಲದ ಲೆಕ್ಕ ಶೇ. 47ರಷ್ಟು ಕಡಿಮೆ ಬಂದಿತ್ತು. ಅಲ್ಲಿನ ಉಕ್ಕಿನ ಸರಳುಗಳೂ ಗಿಡ್ಡವಾಗಿದ್ದವು. ಅಚ್ಚಾಗಿ ಬಂದ ಅಂಕಿ ಅಳೆದದ್ದೋ ಊಹಿಸಿದ್ದೋ ಎಂಬುದು ಕಾಗದದ ಮೇಲೆ ಕಾಣುವುದಿಲ್ಲ.

ಆಮೇಲೆ ಜಾಗ್ರತೆಯಿಂದ ಮಾಡಿದ ಲೆಕ್ಕ, ಈ ವಿನ್ಯಾಸ 62 ಮೀಟರಿನಲ್ಲಿ ಒಡೆಯಬೇಕೆಂದು ತೋರಿಸಿತು. ಒಡೆದದ್ದು 65ರಲ್ಲಿ.

ನಷ್ಟ ಸುಮಾರು 70 ಕೋಟಿ ಡಾಲರ್. ಅನಿಲ ಪೂರೈಕೆಯ ಗಡುವು ಹತ್ತಿರವಿತ್ತು, ಹೊಸ ಲೆಕ್ಕಕ್ಕೆ ಕಾಯುವಂತಿರಲಿಲ್ಲ. ಎಂಜಿನಿಯರರು ಸ್ಲೈಡ್ ರೂಲ್ ಕಾಲದ ಕೈಲೆಕ್ಕದಲ್ಲೇ ಎರಡನೆಯ ಬುಡವನ್ನು ರೂಪಿಸಿದರು. ಕಂಪ್ಯೂಟರಿನ ಉತ್ತರ ಕೈಸೇರುವ ಹೊತ್ತಿಗೆ ವಿನ್ಯಾಸ ಮುಗಿದಿತ್ತು. 1993ರಲ್ಲಿ ಆ ವೇದಿಕೆ ಸಮುದ್ರದಲ್ಲಿ ನಿಂತಿತು.