ನರೆಗೂದಲಿಗೆ ಬಣ್ಣ: ಕಬ್ಬಿಣದ ಬಾಣಲೆಯಿಂದ ಪೊಟ್ಟಣದವರೆಗೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಸಿ ಅಡಿಕೆ ಸುಲಿಯುವವರ ಬೆರಳುಗಳು ಕಪ್ಪಾಗುತ್ತವೆ. ಎಷ್ಟು ತಿಕ್ಕಿದರೂ ಆ ಕಪ್ಪು ಬೇಗ ಹೋಗುವುದಿಲ್ಲ. ಕಾಯಿಯ ಒಗರು ಕತ್ತಿಯ ಕಬ್ಬಿಣದೊಡನೆ ಕೂಡಿದಾಗ ಹುಟ್ಟುವ ಬಣ್ಣ ಅದು. ನೆಲ್ಲಿಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿದ ಕಬ್ಬಿಣದ ಮೆಟ್ಟುಗತ್ತಿ ಕಪ್ಪಾಗುವುದೂ ಇದೇ ಕಾರಣಕ್ಕೆ. ನರೆತ ತಲೆಯನ್ನು ಕಪ್ಪು ಮಾಡುವ ಪ್ರಾಚೀನ ಭಾರತದ ವಿದ್ಯೆಯೂ ಇದೇ ನಂಟನ್ನು ಆಧರಿಸಿತ್ತು ಎಂದರೆ ಅಚ್ಚರಿಯಾದೀತು.

ಆರನೆಯ ಶತಮಾನದ ವರಾಹಮಿಹಿರ ಜ್ಯೋತಿಷಿಯೆಂದೇ ಪ್ರಸಿದ್ಧ. ಆದರೆ ಆತನ 'ಬೃಹತ್ಸಂಹಿತೆ'ಯಲ್ಲಿ ಸುಗಂಧದ್ರವ್ಯಗಳ ಕುರಿತ ಅಧ್ಯಾಯವೊಂದಿದ್ದು, ಅದು ಆರಂಭವಾಗುವುದೇ ಕೂದಲ ಬಣ್ಣದಿಂದ. ತಲೆ ಬೆಳ್ಳಗಾದವನಿಗೆ ಹೂಮಾಲೆ, ಗಂಧ, ಒಡವೆಗಳು ಒಪ್ಪುವುದಿಲ್ಲ. ಆದ್ದರಿಂದ ಮೊದಲು ಕೂದಲಿನ ಕಡೆ ಗಮನ ಕೊಡಬೇಕು ಎಂಬುದು ಆತನ ವಾದ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿ ದ್ರವದೊಡನೆ ಬೇಯಿಸಿ, ಕಬ್ಬಿಣದ ಪುಡಿ ಸೇರಿಸಿ ಅರೆದು ತಲೆಗೆ ಹಚ್ಚಬೇಕು, ಹಸಿರೆಲೆಯಿಂದ ಸುತ್ತಬೇಕು, ಆಮೇಲೆ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪ ಹಚ್ಚಿ ಮತ್ತೆ ಸುತ್ತಬೇಕು. ತೊಳೆದಾಗ ಕೂದಲು ಕಪ್ಪಾಗಿರುತ್ತದೆ ಎನ್ನುತ್ತಾನೆ ಆತ.

ಇಂದಿನ ರಸಾಯನಶಾಸ್ತ್ರದ ಕಣ್ಣಿನಲ್ಲಿ ಈ ವಿಧಾನ ಅರ್ಥಹೀನವಲ್ಲ. ಹುಳಿಯಲ್ಲಿ ಕರಗಿದ ಕಬ್ಬಿಣ ಕೂದಲಿಗೆ ಅಂಟುತ್ತದೆ. ನೆಲ್ಲಿಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಅದರೊಡನೆ ಸೇರಿ ಕಪ್ಪು ಬಣ್ಣವಾಗುತ್ತದೆ. ಯೂರೋಪಿನಲ್ಲಿ ನೂರಾರು ವರ್ಷ ಹಸ್ತಪ್ರತಿಗಳನ್ನು ಬರೆದ ಶಾಯಿಯೂ ಇದೇ ಜಾತಿಯದು. ಮದರಂಗಿ ಪುಡಿಯನ್ನು ಚಹಾ ಡಿಕಾಕ್ಷನ್ ಮತ್ತು ನೆಲ್ಲಿಪುಡಿಯ ಜತೆ ರಾತ್ರಿಯಿಡೀ ಕಬ್ಬಿಣದ ಬಾಣಲೆಯಲ್ಲಿ ನೆನೆಹಾಕುವ ಗೃಹಿಣಿಯರು ತಿಳಿದೋ ತಿಳಿಯದೆಯೋ ಈ ಪರಂಪರೆಯನ್ನೇ ಮುಂದುವರಿಸುತ್ತಿದ್ದಾರೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರು ಕೂಡ ಟ್ಯಾನಿನ್ ತುಂಬಿದ ದ್ರವ. ಸಾಗರ ತಾಲ್ಲೂಕಿನ ಹೆಗ್ಗೋಡಿನ 'ಚರಕ' ಸಂಸ್ಥೆ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಲು ಅದನ್ನು ಬಳಸಿಕೊಂಡಿದೆ.

ಆದರೆ ನರೆಯನ್ನು ಮರೆಮಾಚಲೇಬೇಕೆ? ನಮ್ಮ ಪರಂಪರೆ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಮೊದಲ ನರೆಗೂದಲು ಕಂಡೊಡನೆ ಮಖಾದೇವನೆಂಬ ರಾಜ ಸಿಂಹಾಸನ ಬಿಟ್ಟ ಕಥೆ ಬೌದ್ಧ ಜಾತಕದಲ್ಲಿದೆ. ಕಾಳಿದಾಸನ 'ರಘುವಂಶ'ದಲ್ಲಿ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿ ಬಂದು, ರಾಜ್ಯವನ್ನು ರಾಮನಿಗೊಪ್ಪಿಸೆಂದು ಹೇಳುತ್ತದೆ. ಬಸವಣ್ಣನವರೂ ಒಂದು ವಚನದಲ್ಲಿ ಕೆನ್ನೆಯ ನರೆಯಿಂದಲೇ ಮೊದಲ್ಗೊಂಡು ಮುಪ್ಪಿನ ಲಕ್ಷಣಗಳನ್ನು ಎಣಿಸಿ ಎಚ್ಚರಿಸಿದ್ದಾರೆ. ಸಾಂತರರ ರಾಜಧಾನಿಯಾಗಿದ್ದ ಹೊಸನಗರ ತಾಲ್ಲೂಕಿನ ಹೊಂಬುಜ ಇಂದಿಗೂ ಜೈನಕ್ಷೇತ್ರ. ದಿಗಂಬರ ಮುನಿಗಳು ಕೆಲವು ತಿಂಗಳಿಗೊಮ್ಮೆ ತಮ್ಮ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವ ಕೇಶಲೋಚನವನ್ನು ಇಂಥ ಕ್ಷೇತ್ರಗಳಲ್ಲಿ ಕಾಣಬಹುದು. ಅಲ್ಲಿ ಕಪ್ಪು, ಬಿಳಿ ಎಂಬ ಭೇದಕ್ಕೇ ಎಡೆಯಿಲ್ಲ.

ರಾಜನೂ ಮುನಿಯೂ ತಾವಾಗಿ ಬಿಟ್ಟುಕೊಟ್ಟದ್ದನ್ನು ಹೆಣ್ಣಿನಿಂದ ಕಿತ್ತುಕೊಂಡ ಕಾಲವೂ ಒಂದಿತ್ತು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಮಲೆನಾಡಿನ ಬಾಲವಿಧವೆಯೊಬ್ಬಳ ನಿಜಬದುಕನ್ನು ಆಧರಿಸಿದ್ದು. ಸಂಪ್ರದಾಯದ ಹೆಸರಿನಲ್ಲಿ ಆಕೆಯ ತಲೆ ಬೋಳಿಸಲಾಗುತ್ತದೆ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿಸಿದರು. ನರೆಯುವ ಮೊದಲೇ ಕೂದಲನ್ನು ಕಳೆದುಕೊಂಡ ಇಂಥ ಹೆಂಗಸರಿಗೆ ಯಾವ ಬಣ್ಣ ಒಪ್ಪುತ್ತದೆಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ಇಂದು ಅಜ್ಜಿಯೊಬ್ಬರು ತಲೆಗೆ ಬಣ್ಣ ಹಚ್ಚಿಕೊಂಡಾಗ ನಗುವವರು ಈ ಚರಿತ್ರೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಬಣ್ಣದ ಆಧುನಿಕ ಅಧ್ಯಾಯ ತೆರೆದುಕೊಂಡದ್ದು ಯೂರೋಪಿನ ಪ್ರಯೋಗಾಲಯಗಳಲ್ಲಿ. 1863ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಹಾಫ್‌ಮನ್ ವರದಿ ಮಾಡಿದ ಪ್ಯಾರಾ ಫೀನೈಲೀನ್ ಡೈಅಮೀನ್ (ಪಿಪಿಡಿ) ಮುಂದೆ ಕೂದಲ ಬಣ್ಣಗಳ ಮೂಲದ್ರವ್ಯವಾಯಿತು. 1907ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶೂಲರ್ ತನ್ನದೇ ಕೂದಲ ಬಣ್ಣ ತಯಾರಿಸಿ, 1909ರಲ್ಲಿ ಕಂಪೆನಿ ಕಟ್ಟಿದ. ಅದೇ ಇಂದಿನ ಲೊರಿಯಲ್. ಭಾರತದಲ್ಲಿ ಗೋದ್ರೆಜ್, ವ್ಯಾಸ್ಮಾಲ್ ಮುಂತಾದ ಹೆಸರುಗಳು ಹಳ್ಳಿಯ ಅಂಗಡಿಯನ್ನೂ ಮುಟ್ಟಿದವು. ಸಾಗರದ ಕಡೆಯಿಂದ ಸಿಗಂದೂರಿಗೆ ಹೋಗುವವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು; ಪೇಟೆಯ ಸಾಮಾನೂ ಹಾಗೆಯೇ. ಅಂಥ ಕಡೆಗೂ ತಲುಪಿದ್ದು ಪುಟ್ಟ ಪೊಟ್ಟಣದ ಹೆಚ್ಚುಗಾರಿಕೆ.

ಮದರಂಗಿಗೂ ಪೊಟ್ಟಣದ ಬಣ್ಣಕ್ಕೂ ವ್ಯತ್ಯಾಸವಿದೆ. ಮದರಂಗಿಯ ಲಾಸೋನ್ ಎಂಬ ವಸ್ತು ಕೂದಲಿನ ಕೆರಾಟಿನ್‌ಗೆ ಅಂಟಿ ಕೆಂಪು ಛಾಯೆ ಕೊಡುತ್ತದೆ. ಅಲ್ಲಲ್ಲಿ ನರೆತ ತಲೆಗೆ ಅದು ಚೆಲುವೇ. ಪೂರ್ತಿ ಬೆಳ್ಳಗಾದ ತಲೆಗೆ ಬರೀ ಮದರಂಗಿ ಹಚ್ಚಿದರೆ ಕಿತ್ತಳೆಯಾಗುತ್ತದೆ. ನೀಲಿ ಗಿಡದ ಎಲೆಪುಡಿ ಬೆರೆಸಿದರೆ ಕಂದು ಅಥವಾ ಕಪ್ಪಿನತ್ತ ತಿರುಗುತ್ತದೆ. ಪಿಪಿಡಿ ಬಣ್ಣವಾದರೋ ಕೂದಲ ಒಳಹೊಕ್ಕು, ಆಮ್ಲಜನಕದೊಡನೆ ವರ್ತಿಸಿ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ.

ವಯಸ್ಸಾದಂತೆ ಚರ್ಮದ ಛಾಯೆಯೂ ಬದಲಾಗುವುದರಿಂದ ಹರೆಯದ ಕಡುಗಪ್ಪು ಮುಖಕ್ಕೆ ಬಿರುಸಾಗಿ ಕಾಣಬಹುದು. ಅದಕ್ಕಿಂತ ಒಂದೆರಡು ಛಾಯೆ ತಿಳಿಯಾದ ಕಂದು ಒಪ್ಪುವುದೇ ಹೆಚ್ಚು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ನಾಲ್ಕಾರು ವಾರಗಳಲ್ಲಿ ಬೈತಲೆಯ ಬಳಿ ಬಿಳಿಗೆರೆ ಮೂಡುತ್ತದೆ. ಆಗ ಬುಡಕ್ಕೆ ಮಾತ್ರ ಹಚ್ಚಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು ಎಚ್ಚರ. ಪಿಪಿಡಿ ಕೆಲವರಿಗೆ ತುರಿಕೆ, ಬಾವು ತರುತ್ತದೆ. 'ಕಪ್ಪು ಮೆಹಂದಿ' ಎಂದು ಮಾರುವ ಪುಡಿಗಳಲ್ಲೂ ಅದು ಇರಬಹುದು. ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾದು ನೋಡಿ ಮುಂದುವರಿಯುವುದು ಕ್ಷೇಮ.

ಬಣ್ಣ ಹಚ್ಚುವುದು ಮುಪ್ಪನ್ನು ನಿಲ್ಲಿಸುವುದಿಲ್ಲ, ಹಚ್ಚದಿರುವುದು ಯಾರನ್ನೂ ವಿರಾಗಿಯಾಗಿಸುವುದೂ ಇಲ್ಲ. ಫಣಿಯಮ್ಮನಂಥವರಿಗೆ ಇಲ್ಲದಿದ್ದ ಆಯ್ಕೆ ಇಂದಿನವರಿಗೆ ಇದೆ. ತಲೆಯ ಬಣ್ಣ ಯಾವುದಿರಬೇಕೆಂಬುದು ಆ ತಲೆಯವರೇ ತೀರ್ಮಾನಿಸಬೇಕಾದ ಸಂಗತಿ.