ವರ್ಷವಲ್ಲ, ಗಂಟೆ

ಕಳೆದ ಆಷಾಢದ ಒಂದು ಶುಕ್ರವಾರ ಯಲಹಂಕದಲ್ಲಿ ಜಿಟಿಜಿಟಿ ಮಳೆ. ಪ್ರಯೋಗಾಲಯದಲ್ಲಿ ಒಂದು ಗಾಜಿನ ಬಿಲ್ಲೆಯನ್ನು ಗ್ಲೋವ್‌ಬಾಕ್ಸಿನಿಂದ ಹೊರತೆಗೆದು ಮೇಜಿನ ಮೇಲಿಟ್ಟವಳು ಅದನ್ನು ಮರೆತು ಹಾಸ್ಟೆಲಿಗೆ ಹೋಗಿಬಿಟ್ಟೆ. ಅದರ ಮೇಲಿದ್ದದ್ದು ಕೂದಲಿಗಿಂತ ನೂರು ಪಟ್ಟು ತೆಳುವಾದ ಕಪ್ಪು ಪದರ, ಪೆರೋವ್‌ಸ್ಕೈಟ್. ಸೋಮವಾರ ಬಂದು ನೋಡಿದರೆ ಅಂಚೆಲ್ಲ ಅರಿಶಿನ ಬಳಿದಂತಾಗಿತ್ತು. ತೇವ ತಗುಲಿ ಹರಳು ಒಡೆದು, ಹಳದಿ ಬಣ್ಣದ ಸೀಸದ ಅಯೋಡೈಡ್ ಉಳಿದಿತ್ತು.

ಈ ವಸ್ತುವಿನ ಚರಿತ್ರೆ 1839ರಲ್ಲಿ ಶುರುವಾಗುತ್ತದೆ. ಆ ವರ್ಷ ಜರ್ಮನಿಯ ಗುಸ್ತಾವ್ ರೋಸ್, ಉರಲ್ ಪರ್ವತದ ಖನಿಜವೊಂದನ್ನು ವಿವರಿಸಿ ಅದಕ್ಕೆ ರಷ್ಯಾದ ಲೆವ್ ಪೆರೋವ್‌ಸ್ಕಿಯ ಹೆಸರಿಟ್ಟ. ಅದೇ ವರ್ಷ ಫ್ರಾನ್ಸಿನಲ್ಲಿ ಎಡ್ಮಂಡ್ ಬೆಕೆರೆಲ್ ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಕಂಡ. ಈ ಎರಡು ಎಳೆಗಳು ಒಂದೇ ಸೌರಕೋಶದಲ್ಲಿ ಸೇರಲು 170 ವರ್ಷ ಬೇಕಾಯಿತು.

ಆ ನಡುವಿನ ಕಾಲದಲ್ಲಿ ನಮ್ಮ ಊರಿನ ಪಾಲೂ ಇದೆ. 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಸಿ.ಎನ್.ಆರ್. ರಾವ್, ಇದೇ ಹರಳಿನ ರಚನೆಯುಳ್ಳ ಆಕ್ಸೈಡುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. 1987ರಲ್ಲಿ ಜಗತ್ತೆಲ್ಲ ಅತಿವಾಹಕಗಳ ಹಿಂದೆ ಬಿದ್ದಾಗ ಬೆಂಗಳೂರಿನ ಅವರ ತಂಡವೂ ಆ ಓಟದಲ್ಲಿತ್ತು. ಆ ಅತಿವಾಹಕಗಳೂ ಪೆರೋವ್‌ಸ್ಕೈಟಿನ ಬಳಗದವೇ. 1989ರಲ್ಲಿ ಅವರು ಕಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವುದು ಹೆಬ್ಬಾಳದಾಚೆಯ ಜಕ್ಕೂರಿನಲ್ಲಿ.

2009ರಲ್ಲಿ ಜಪಾನಿನ ಮಿಯಾಸಾಕ ಮತ್ತು ಸಂಗಡಿಗರು ಮೊದಲ ಕೋಶದ ದಕ್ಷತೆಯನ್ನು ವರದಿ ಮಾಡಿದರು: ಶೇಕಡ 3.8. ಅದರೊಳಗಿನ ದ್ರವವೇ ಪೆರೋವ್‌ಸ್ಕೈಟನ್ನು ಕರಗಿಸುತ್ತಿದ್ದುದರಿಂದ ಕೋಶ ಬಹುಬೇಗ ಕೆಡುತ್ತಿತ್ತು. 2012ರಲ್ಲಿ ಕೊರಿಯಾದ ನಾಮ್-ಗ್ಯು ಪಾರ್ಕ್ ತಂಡ ದ್ರವದ ಬದಲು ಘನವಸ್ತು ಹಾಕಿತು. ದಕ್ಷತೆ 9.7ಕ್ಕೆ ಏರಿತು, ಬಾಳಿಕೆ 500 ಗಂಟೆ ದಾಟಿತು. ಇಂದು ಪ್ರಯೋಗಾಲಯದ ಸಣ್ಣ ಕೋಶಗಳು ಶೇಕಡ 26 ಮೀರಿ, ಸಿಲಿಕಾನಿಗೆ ಸರಿಸಮ ನಿಂತಿವೆ.

ಬಾಳಿಕೆಯ ಗುಟ್ಟಿನ ಒಂದು ಭಾಗ 1926ರಷ್ಟು ಹಳೆಯದು. ಹರಳಿನ ಗೂಡಿನಲ್ಲಿ ಕೂರುವ ಅಯಾನು ತೀರ ದೊಡ್ಡದಾಗಿರಬಾರದು, ತೀರ ಚಿಕ್ಕದೂ ಆಗಿರಬಾರದು ಎಂದು ಗೋಲ್ಡ್‌ಶ್ಮಿಟ್ ಆಗಲೇ ಲೆಕ್ಕ ಕೊಟ್ಟಿದ್ದ. ಫಾರ್ಮಮಿಡಿನಿಯಂ ಗೂಡಿಗೆ ತುಸು ದೊಡ್ಡದು, ಸೀಸಿಯಂ ಚಿಕ್ಕದು. ಎರಡನ್ನೂ ಹದವಾಗಿ ಬೆರೆಸಿದರೆ ಹರಳು ಗಟ್ಟಿ ನಿಲ್ಲುತ್ತದೆ. ನಾನು ದಿನವೂ ಮಾಡುವುದು ಈ ಹದ ಹುಡುಕುವ ಕೆಲಸವನ್ನೇ.

ಹೋದ ಯುಗಾದಿಗೆ ಊರಿಗೆ ಹೋದಾಗ ಅಪ್ಪ ಕೇಳಿದರು, "ನೀನು ಮಾಡ್ತಿರೋದು ಎಷ್ಟು ವರ್ಷ ಬಾಳಿಕೆ ಬರುತ್ತಮ್ಮ?"

"ವರ್ಷ ಅಲ್ಲಪ್ಪ, ನಾವಿನ್ನೂ ಗಂಟೆಗಳಲ್ಲಿ ಎಣಿಸ್ತೀವಿ."

ಅಪ್ಪ ನಗಲಿಲ್ಲ. ನಮ್ಮದು ಮಧುಗಿರಿ ಕಡೆ. ಪಕ್ಕದ ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ನಿಂತಿರುವುದನ್ನು ಅವರು ಕಂಡಿದ್ದಾರೆ. ಅಂಥ ಸಿಲಿಕಾನ್ ಫಲಕಗಳಿಗೆ ಇಪ್ಪತ್ತೈದು ವರ್ಷದ ಭರವಸೆ ಇರುತ್ತದೆ. ಹೊಲ ಕೊಟ್ಟವರಿಗೆ ಅದು ಒಂದು ತಲೆಮಾರಿನ ಲೆಕ್ಕ. ದಕ್ಷತೆ ಹೆಚ್ಚಿದರೆ ಅಷ್ಟೇ ವಿದ್ಯುತ್ತಿಗೆ ಕಡಿಮೆ ನೆಲ ಸಾಕು. ಆದರೆ ಮೂರು ಮಳೆಗಾಲಕ್ಕೆ ಹಳದಿಯಾಗುವ ಫಲಕವನ್ನು ಯಾವ ಹೊಲದಲ್ಲೂ ನೆಡುವಂತಿಲ್ಲ, ಒಳಗಿನ ಸೀಸ ಮಣ್ಣಿಗಿಳಿಯುವ ಭಯ ಬೇರೆ.

ಆ ಹಳದಿ ಬಿಲ್ಲೆಯನ್ನು ನಾನು ಎಸೆಯಲಿಲ್ಲ. ದಿನಾಂಕ ಬರೆದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಫೆಲೋಶಿಪ್ ಮುಗಿಯಲು ಇನ್ನು ಹದಿನಾಲ್ಕು ತಿಂಗಳಿದೆ.