ಪೊರೆಯ ಜೊತೆಗಿರುವ ಗ್ಲಾಕೋಮಾ: ತೆಂಗಿನ ಸೀಮೆಯಲ್ಲಿ ಕಿರುಛೇದ ಚಿಕಿತ್ಸೆಯ ನೆಲೆ

ಡಾ. ಎಂ.ಸಿ. ಮೋದಿಯವರ ಸಂಚಾರಿ ಶಿಬಿರಗಳ ಕಾಲದಿಂದಲೂ ನಮ್ಮ ಹಳ್ಳಿಗಳಲ್ಲಿ ಕಣ್ಣಿನ ಆಪರೇಷನ್ ಎಂದರೆ ಪೊರೆ ತೆಗೆಸುವುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರೂ ಕಣ್ಣು ಮಂಜಾದ ಮೇಲೆಯೇ ವೈದ್ಯರ ಬಳಿಗೆ ಬರುವುದು. ಗ್ಲಾಕೋಮಾ ಹಾಗೆ ಸುಳಿವು ಕೊಡುವ ರೋಗವಲ್ಲ. ನೋಟದ ಅಂಚುಗಳನ್ನು ಮೊದಲು ಕಬಳಿಸಿ, ನಡುನೋಟವನ್ನು ಕೊನೆಗೆ ಮುಟ್ಟುತ್ತದೆ. ಪೊರೆಗೆಂದು ಬಂದಾಗಲೇ ಅದನ್ನು ಹುಡುಕಬೇಕು. ಕಿರುಛೇದದ ಪ್ರಶ್ನೆಯೂ ಅಲ್ಲಿಯೇ ಏಳಬೇಕು ಎಂಬುದು ಈ ಲೇಖನದ ವಾದ.

ಕಣ್ಣೊಳಗಿನ ದ್ರವವು ಕಾರ್ನಿಯಾ ಮತ್ತು ಐರಿಸ್ ಸೇರುವ ಮೂಲೆಯ ಟ್ರಬೆಕ್ಯುಲರ್ ಜಾಲರಿಯಲ್ಲಿ ಬಸಿದು ಶ್ಲೆಮ್ ನಾಳಕ್ಕೆ ಇಳಿಯುತ್ತದೆ. ಆ ಹರಿವಿಗೆ ತಡೆಯಾದರೆ ಒತ್ತಡ ಏರಿ ದೃಷ್ಟಿನರ ಸವೆಯುತ್ತದೆ. 1968ರಲ್ಲಿ ಕೇರ್ನ್ಸ್ ವಿವರಿಸಿದ ಟ್ರಬೆಕ್ಯುಲೆಕ್ಟಮಿ ಕಣ್ಣಿನ ಬಿಳಿಭಾಗದಲ್ಲಿ ಹೊಸ ದಾರಿ ತೆರೆಯುತ್ತದೆ. 'ಮಿಗ್ಸ್' ಎಂಬ ಕಿರುಛೇದ ವಿಧಾನಗಳಲ್ಲಿ ಹೆಚ್ಚಿನವು ಪೊರೆಯ ಆಪರೇಷನ್ನಿಗೆ ಮಾಡಿದ ಸಣ್ಣ ಗಾಯದಿಂದಲೇ ಒಳಹೊಕ್ಕು ಜಾಲರಿಯ ತಡೆ ಕಳೆಯುತ್ತವೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐಸ್ಟೆಂಟ್ ಎಂಬ ಪುಟ್ಟ ಸ್ಟೆಂಟ್ (ಕೊಳವೆ) ಸುಮಾರು 1 ಮಿ.ಮೀ. ಉದ್ದ, ಹೈಡ್ರಸ್ ಎಂಬ ಸ್ಟೆಂಟ್ 8 ಮಿ.ಮೀ. ಉದ್ದ. ಹೊಲಿಗೆಯ ದಾರವನ್ನೇ ನಾಳದ ಸುತ್ತ ಹಾಯಿಸಿ ಜಾಲರಿ ಸೀಳುವ 'ಗ್ಯಾಟ್' ವಿಧಾನಕ್ಕೆ ಸ್ಟೆಂಟೇ ಬೇಡ. ಕೊಬ್ಬರಿ ರೇಟು ನೋಡಿಕೊಂಡು ಆಪರೇಷನ್ ಮುಂದೂಡುವ ಮನೆಗಳಿಗೆ ಇದೇ ಎಟುಕುವಂಥದ್ದು.

ಆದರೆ ರೋಗದ ಹಂತ ತಿಳಿಯದೆ ವಿಧಾನ ಆರಿಸುವಂತಿಲ್ಲ. ದೃಷ್ಟಿಕ್ಷೇತ್ರದ ಸರಾಸರಿ ನಷ್ಟ 6 ಡೆಸಿಬೆಲ್ ಒಳಗಿದ್ದರೆ ಆರಂಭ, 12ರವರೆಗೆ ಮಧ್ಯಮ, ಆಚೆಗೆ ತೀವ್ರ. ಮೊದಲೆರಡು ಹಂತಗಳ ಮೇಲೆ ನಡೆದ ಹೊರೈಜ಼ನ್ ಪ್ರಯೋಗದಲ್ಲಿ, ಪೊರೆ ತೆಗೆಯುವುದರೊಂದಿಗೆ ಹೈಡ್ರಸ್ ಹಾಕಿದ ಕಣ್ಣುಗಳಲ್ಲಿ ಶೇ. 66ಕ್ಕೆ ಐದು ವರ್ಷದ ಬಳಿಕವೂ ಡ್ರಾಪ್ಸ್ ಬೇಕಿರಲಿಲ್ಲ. ಬರೀ ಪೊರೆ ತೆಗೆದವುಗಳಲ್ಲೂ ಆ ಪ್ರಮಾಣ ಶೇ. 46 ಇತ್ತು, ಸ್ಟೆಂಟಿನ ಗುಣಗಾನ ಕೇಳುವಾಗ ಈ ಅಂಕಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ತೀವ್ರ ಹಂತದಲ್ಲಿ ಒತ್ತಡವನ್ನು 12 ಮಿ.ಮೀ. ಪಾದರಸದ ಆಸುಪಾಸಿಗೆ ಇಳಿಸಬೇಕಾಗುತ್ತದೆ. ಶ್ಲೆಮ್ ನಾಳದಾಚೆಯ ರಕ್ತನಾಳಗಳ ಒತ್ತಡವೇ 8–10 ಇರುವುದರಿಂದ, ಜಾಲರಿ ತೆರೆದರೂ ಕಣ್ಣಿನ ಒತ್ತಡ ಸಾಮಾನ್ಯವಾಗಿ 15ರ ಹತ್ತಿರ ನಿಂತುಬಿಡುತ್ತದೆ. ಅಲ್ಲಿ ಟ್ರಬೆಕ್ಯುಲೆಕ್ಟಮಿಯೇ ಗತಿ. ಇಲ್ಲವೇ ಮದುರೆಯ ಆರೋಲ್ಯಾಬ್ ತಯಾರಿಸುವ, ಕಣ್ಣಿನ ದ್ರವ ಹೊರಬಿಡುವ ಅಗ್ಗದ ಕೊಳವೆ.

ಕಾಯಿ ಕೀಳುವಾಗಲೋ ಮಟ್ಟೆ ಬಿದ್ದೋ ಪೆಟ್ಟಾದ ಕಣ್ಣಿನ ಕಥೆ ಬೇರೆ. ಮೊಂಡು ಪೆಟ್ಟಿಗೆ ಮೂಲೆ ಸೀಳಿ ಹಿಂಸರಿದರೆ, ವರ್ಷಗಳ ನಂತರ ಆ ಒಂದೇ ಕಣ್ಣಿನಲ್ಲಿ ಒತ್ತಡ ಏರಬಹುದು. ಆ ಮೂಲೆ ತೋರಿಸುವ ಗೋನಿಯೋ ಮಸೂರವಿಟ್ಟು ನೋಡದೆ ಇದು ಗೊತ್ತಾಗದು. ಜಾಲರಿಗೆ ಕೊಡುವ ಲೇಸರ್ ಚಿಕಿತ್ಸೆ ಕೂಡ ಇಲ್ಲಿ ಅಷ್ಟಾಗಿ ಫಲಿಸದು.

ಗ್ಯಾಟ್ ಆದ ಮೇಲೆ ಕೆಲವು ದಿನ ಕಣ್ಣೊಳಗೆ ರಕ್ತ ನಿಲ್ಲುವುದು ಸಾಮಾನ್ಯ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಮೊದಲೇ ವಿಚಾರಿಸಬೇಕು. ಬಗ್ಗಿ ಕಾಯಿ ಸುಲಿಯುವುದು, ಚೀಲ ಹೊರುವುದು ವೈದ್ಯರು ಹೇಳುವವರೆಗೆ ಬಂದ್. ಅಟ್ಟದಿಂದ ಕೊಬ್ಬರಿ ಇಳಿಸುವ ಸಮಯ ಯಾವಾಗ ಎಂದು ಕೇಳಿಯೇ ಆಪರೇಷನ್ನಿನ ದಿನ ಗೊತ್ತುಮಾಡುವುದು ಮೇಲು.